ಬಾಗಿಲ ಮೇಲಿನ ಹಳೆಯ ಬಣ್ಣ



ಹಳೆಯ ಮನೆಯ ರಿಪೇರಿಗೆ ಕೈಹಾಕಿದವರು ಮೊದಲು ಲೆಕ್ಕ ಹಾಕುವುದು ಹೆಂಚಿನದು, ನೆಲದ್ದು, ಬಚ್ಚಲಿನದು. ಬಾಗಿಲು ಕಿಟಕಿಗಳ ಸರದಿ ಬರುವುದು ಕೊನೆಗೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡು ತೀರುತ್ತ ಬಂದಿರುತ್ತದೆ, ಮನೆಯಲ್ಲಿ ಮದುವೆಯೋ ಉಪನಯನವೋ ಹತ್ತಿರವಾಗಿರುತ್ತದೆ. ಆಗ ಎರಡು ಮಾತು ಕೇಳಿಬರುತ್ತವೆ. ಒಂದು, ‘ಹಳೇದೆಲ್ಲ ಕಿತ್ತು ಹೊಸಾದು ಕೂರಿಸಿಬಿಡೋಣ.’ ಇನ್ನೊಂದು, ‘ಕೆರೆದು ಒಂದು ಕೋಟು ಹೊಡೆದುಬಿಡೋಣ.’ ಇವತ್ತು ಈ ಎರಡು ಮಾತುಗಳ ಬಗ್ಗೆಯೇ ನಾನು ಮಾತಾಡಬೇಕೆಂದಿದ್ದೇನೆ. ಮೊದಲನೆಯದರಿಂದ ಒಳ್ಳೆಯ ಮರ ಹಾಳಾಗುತ್ತದೆ. ಎರಡನೆಯದರಿಂದ ಮನುಷ್ಯರ ಆರೋಗ್ಯ, ಅದರಲ್ಲೂ ಮಕ್ಕಳ ಆರೋಗ್ಯ, ಹಾಳಾಗಬಹುದು.

ಅರವತ್ತು ಎಪ್ಪತ್ತು ವರ್ಷ ದಾಟಿದ ಮನೆಗಳ ಬಾಗಿಲುವಾಡ, ಕಿಟಕಿಯ ಚೌಕಟ್ಟು, ಕಂಬ, ಬೋದಿಗೆ, ಮುಚ್ಚಿಗೆ ಇವೆಲ್ಲ ಬಹುಮಟ್ಟಿಗೆ ಕಾಡಿನಲ್ಲಿ ತಾವಾಗಿ, ನಿಧಾನವಾಗಿ ಬೆಳೆದ ದೊಡ್ಡ ಮರಗಳ ಚೇಗಿನಿಂದ ಮಾಡಿದವು. ತೇಗ, ಹೊನ್ನೆ, ಬೀಟೆ, ಕಿರಾಲುಬೋಗಿ, ಮತ್ತಿ, ಹಲಸು ಹೀಗೆ ಊರಿಗೆ ಯಾವುದು ಹತ್ತಿರವೋ ಅದು. ಇವತ್ತು ನೆಡುತೋಪಿನಿಂದ ಬರುವ ಎಳೆಯ ಮರದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿ ಭಾಗ ಹೆಚ್ಚು; ಗೆದ್ದಲಿಗೂ ಕುಟ್ಟೆಹುಳಕ್ಕೂ ಆ ಬಿಳಿ ಭಾಗವೇ ಇಷ್ಟ. ಇನ್ನೊಂದು ಮಾತು. ಅಷ್ಟು ಮಳೆಗಾಲ, ಅಷ್ಟು ಬೇಸಿಗೆ ಕಂಡ ಮರ ಬಾಗುವುದು, ತಿರುಚುವುದು, ಬಿರಿಯುವುದು ಎಲ್ಲ ಆಗಿ ಮುಗಿದಿದೆ. ಹೊಸ ಬಾಗಿಲು ಮೊದಲ ಆಷಾಢದಲ್ಲೇ ಉಬ್ಬಿ ಹೊಸ್ತಿಲಿಗೆ ಸಿಕ್ಕಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ.

ಮಣಿಪಾಲಕ್ಕೆ ಹೋದವರು ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ನೋಡಿರಬಹುದು. ವಿಜಯನಾಥ ಶೆಣೈ ಅವರು ಬ್ಯಾಂಕಿನ ನೌಕರಿಯಲ್ಲಿದ್ದುಕೊಂಡೇ, ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಊರೂರು ಅಲೆದು ಹುಡುಕಿದರು. ಅವನ್ನು ಬಿಡಿಬಿಡಿಯಾಗಿ ಬಿಚ್ಚಿಸಿ ತಂದು ಅಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಕುಕನೂರಿನ ಕಮಲ ಮಹಲು, ಮುಧೋಳದ ಅರಮನೆಯ ದರ್ಬಾರು, ಮಿಯಾರಿನ ಮನೆ ಎಲ್ಲ ಅಲ್ಲಿವೆ. ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಿದರೂ ಆ ಕಂಬ ಬಾಗಿಲುಗಳು ಕೂತ ಬಿಗಿ ನೋಡಿದವರಿಗೆ ಹಳೆಯ ಮರದ ಬೆಲೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಅವರು ಕೈಚಾಚದೇ ಹೋಗಿದ್ದರೆ ಅದರಲ್ಲಿ ಎಷ್ಟೋ ಪಾಲು ಸೌದೆಯಾಗುತ್ತಿತ್ತು. ಹಳೆಯ ಬಾಗಿಲನ್ನು ಕಿತ್ತು ಗುಜರಿಗೆ ಕೊಡುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿಬನ್ನಿ ಎಂದಷ್ಟೇ ನಾನು ಹೇಳುತ್ತೇನೆ.

ಇನ್ನು ಎರಡನೆಯ ಮಾತು, ಕೆರೆದು ಬಣ್ಣ ಹೊಡೆಯುವುದು. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಸಾಗರದ ಕಡೆಯ ನಮ್ಮ ಹಳೆಯ ಮನೆಯ ಪ್ರಧಾನ ಬಾಗಿಲನ್ನು ಬಿಚ್ಚಿ ಅಂಗಳದಲ್ಲಿ ಬೆಂಚಿನ ಮೇಲೆ ಮಲಗಿಸಿದ್ದಾಗ ಬಡಗಿ ಆಚಾರ್ರು ಮಾಡಿದ ಮೊದಲ ಕೆಲಸ ಒಂದು ಪರೀಕ್ಷೆ. ತಿರುಗಣೆಯ ಹತ್ತಿರ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ಒದ್ದೆ ಬಟ್ಟೆಯಿಂದ ಜಾಗ ನೆನೆಸಿ ಹರಿತವಾದ ಅಲಗನ್ನು ಓರೆ ಹಿಡಿದು ಬೆರಳಗಲ ಸವರಿದರು. ಬಣ್ಣದ ಪದರಗಳು ಒಂದರ ಪಕ್ಕ ಒಂದು ಕಾಣಿಸಿದವು. ಎಲ್ಲಕ್ಕಿಂತ ಮೇಲೆ ಚಾಕಲೇಟು ಬಣ್ಣದ ಎನಾಮೆಲ್ಲು, ಅದರ ಕೆಳಗೆ ಪಾಚಿಹಸಿರು, ಅದರ ಕೆಳಗೆ ತಿಳಿನೀಲಿ, ಅದಕ್ಕೂ ಕೆಳಗೆ ಇಟ್ಟಿಗೆಕೆಂಪಿನ ತೆಳ್ಳನೆಯ ಒಂದು ಅಸ್ತರು. ಕೆತ್ತನೆಯ ಬಳ್ಳಿಯ ಸಂದುಗಳಲ್ಲಿ ಬಿಳಿಯ ಪುಟ್ಟಿ ತುಂಬಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಎಲೆ ಯಾವುದು, ಹೂವು ಯಾವುದು ಎನ್ನುವುದೇ ತಿಳಿಯುತ್ತಿರಲಿಲ್ಲ. ಅದೆಲ್ಲದರ ಅಡಿಯಲ್ಲಿ ಜೇನಿನ ಬಣ್ಣಕ್ಕೆ ತಿರುಗಿದ ಮರ.

‘ಅಮ್ಮಾ, ತೇಗ ಅಂದಿದ್ರಲ್ಲ, ತೇಗ ಅಲ್ಲ ಇದು. ಹಲಸು. ಬಾಗಿಲುವಾಡ ಮಾತ್ರ ಹೊನ್ನೆ’ ಅಂದರು.

‘ಹೇಗೆ ಗೊತ್ತಾಯ್ತು ಆಚಾರ್ರೇ?’

‘ಹೊನ್ನೆ ಹುಡಿ ನೀರಿಗೆ ಬಿದ್ರೆ ನೀರು ಬಣ್ಣ ಬಿಡ್ತದೆ. ಹಲಸು ಹೊಸದಿದ್ದಾಗ ಅರಿಶಿನ, ಹಳೇದಾದ ಹಾಗೆ ಕೆಂಪಿಗೆ ತಿರುಗ್ತದೆ. ಬಣ್ಣ ಮುಚ್ಚಿದ್ದಕ್ಕೆ ಇಷ್ಟು ವರ್ಷ ಯಾರಿಗೂ ಕಾಣ್ಲಿಲ್ಲ ಅಷ್ಟೆ.’

ಮರ ಯಾವುದೆಂದು ಮೊದಲೇ ತಿಳಿದುಕೊಳ್ಳುವುದು ಯಾಕೆ ಮುಖ್ಯ ಎನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಆ ಪದರಗಳಲ್ಲಿ ಏನಿದೆ ನೋಡೋಣ.

ನಮ್ಮ ಹಳೆಯ ಮನೆಗಳ ಮರಕ್ಕೆ ಡಬ್ಬಿಯ ಬಣ್ಣ ಬಂದದ್ದು ಬಹಳ ಹಿಂದೇನಲ್ಲ. ಅದಕ್ಕೂ ಮುಂಚೆ ಎಣ್ಣೆ ಸವರುತ್ತಿದ್ದರು. ಕರಾವಳಿಯಲ್ಲಿ ಪಕಾಸು ಜಂತೆಗಳಿಗೆ ಗೆದ್ದಲು ಹಿಡಿಯದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿಯಿತ್ತು. ಅಡುಗೆಮನೆಯ ಹೊಗೆ ಮೇಲಿನ ಮರವನ್ನು ತಾನೇ ಕಾಯುತ್ತಿತ್ತು. ನಮ್ಮ ದೇಶದ ಮೊದಲ ದೊಡ್ಡ ಬಣ್ಣದ ಕಾರ್ಖಾನೆ, ಶಾಲಿಮಾರ್, ಹೌರಾದಲ್ಲಿ ಶುರುವಾದದ್ದು 1902ರಲ್ಲಿ. ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಹುಟ್ಟಿದ್ದು 1942ರಲ್ಲಿ. ಕೈಯಲ್ಲಿ ಬ್ರಷ್ಷು ಹಿಡಿದ ಗಟ್ಟು ಎಂಬ ಹುಡುಗ 1954ರಿಂದ ಆ ಡಬ್ಬಿಗಳ ಗುರುತಾದ. ಅವನನ್ನು ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಎಣ್ಣೆಬಣ್ಣ ಹಳ್ಳಿಯ ಅಂಗಡಿಗೂ ಬಂತು. ಹಸಿರು ಬಾಗಿಲು, ನೀಲಿ ಕಿಟಕಿ ಸ್ಥಿತಿವಂತರ ಮನೆಯ ಲಕ್ಷಣವಾಯಿತು. ದೀಪಾವಳಿಗೊಂದು, ಮದುವೆಗೊಂದು ಕೋಟು ಬೀಳುತ್ತ ಹೋಯಿತು.

ಆ ಬಣ್ಣಗಳಲ್ಲಿ ಸೀಸವಿತ್ತು. ಬಿಳಿ ಬಣ್ಣಕ್ಕೆ ಸೀಸದ ಕಾರ್ಬೊನೇಟು, ಹಳದಿಗೆ ಸೀಸದ ಕ್ರೋಮೇಟು, ಆ ಹಳದಿಗೆ ನೀಲಿ ಬೆರೆಸಿದರೆ ಹಸಿರು, ಅಸ್ತರಿಗೆ ಕೆಂಪುಸೀಸ. ಬೇಗ ಒಣಗಲೆಂದು ಹಾಕುವ ದ್ರವದಲ್ಲೂ ಸೀಸವೇ. ಬಣ್ಣಕ್ಕೆ ಹೊಳಪು, ಬಾಳಿಕೆ, ಮುಚ್ಚುವ ಶಕ್ತಿ ಕೊಡುವುದರಲ್ಲಿ ಸೀಸವನ್ನು ಮೀರಿಸುವಂಥದ್ದು ಆಗ ಅಗ್ಗವಾಗಿ ಸಿಗುತ್ತಿರಲಿಲ್ಲ. ಗೋಡೆಗೆ ಬಳಿಯುವ ಸುಣ್ಣದಲ್ಲಿ ಈ ಭಯವಿಲ್ಲ. ಮರಕ್ಕೂ ಕಬ್ಬಿಣಕ್ಕೂ ಬಳಿಯುವ ಎಣ್ಣೆಬಣ್ಣದಲ್ಲಿ, ಅದರಲ್ಲೂ ಗಾಢವಾದ ಹಳದಿ, ಹಸಿರು, ಕೆಂಪಿನಲ್ಲಿ ಭಯವಿದೆ.

ಮಕ್ಕಳಿಗೆ ಇದರಿಂದ ಆಗುವ ಕೇಡನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟ ಕತೆ ನಮ್ಮಂಥದ್ದೇ ಬಿಸಿಲು ಮಳೆಯ ಊರಿನದು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎಷ್ಟೋ ಮಕ್ಕಳು ಹೊಟ್ಟೆನೋವು, ಕೈಕಾಲು ಬಲಗುಂದುವುದು, ಕಣ್ಣು ಮಂಜಾಗುವುದು ಎಂದು ಆಸ್ಪತ್ರೆಗೆ ಬರುತ್ತಿದ್ದರು. ಬ್ರಿಸ್ಬೇನಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಕಾರಣವನ್ನು ಬರೆದರು. ಅಲ್ಲಿನ ಮರದ ಮನೆಗಳ ಜಗಲಿಯ ಕಟಕಟೆಗೆ ಬಳಿದ ಸೀಸದ ಬಣ್ಣ ಬಿಸಿಲಿಗೆ ಪುಡಿಯಾಗಿ ಆಡುವ ಮಕ್ಕಳ ಕೈಗೆ ಅಂಟುತ್ತಿತ್ತು, ಕೈಯಿಂದ ಬಾಯಿಗೆ ಹೋಗುತ್ತಿತ್ತು. ಈ ಮಾತನ್ನು ನಂಬಲು ಅಲ್ಲಿನವರಿಗೂ ವರ್ಷಗಳು ಹಿಡಿದವು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಯೊಳಗಿನ ಬಣ್ಣದಲ್ಲಿ ಬಿಳಿಸೀಸ ಬಳಸಬಾರದೆಂದು ಒಡಂಬಡಿಕೆ ತಂದಿತು. ಅಮೆರಿಕ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ? ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಈಗ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಎಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಮು. ಈ ಸೀಸದ ಕೇಡಿನ ಬಗ್ಗೆ ನಮ್ಮ ದೇಶದಲ್ಲಿ ದಶಕಗಳ ಕಾಲ ಬಿಡದೆ ಹೇಳಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರನ್ನು ನೆನೆಯಬೇಕು.

ಹಾಗಾಗಿ ನಿಮ್ಮ ಬಾಗಿಲಿನ ಬಣ್ಣ 2017ಕ್ಕಿಂತ ಹಿಂದಿನದಾದರೆ ಅದರಲ್ಲಿ ಸೀಸ ಇದೆ ಎಂದೇ ಎಣಿಸಿ ಕೆಲಸ ಶುರುಮಾಡಿ. ಪ್ರಯೋಗಾಲಯಕ್ಕೆ ಒಂದು ಚೂರು ಕಳಿಸಿ ಪರೀಕ್ಷೆ ಮಾಡಿಸಲು ಆದರೆ ಒಳ್ಳೆಯದೇ, ಆಗದಿದ್ದರೂ ಎಚ್ಚರ ತಪ್ಪಬೇಡಿ. ಸೀಸ ದೇಹಕ್ಕೆ ಹೋದರೆ ಮೂಳೆಯಲ್ಲಿ, ಹಲ್ಲಿನಲ್ಲಿ ಸೇರಿ ವರ್ಷಗಟ್ಟಲೆ ಕೂರುತ್ತದೆ. ಒಂದೇ ಪ್ರಮಾಣ ನುಂಗಿದರೂ ದೊಡ್ಡವರಿಗಿಂತ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿಯನ್ನು ಯಾವ ಔಷಧವೂ ಹಿಂದಕ್ಕೆ ತರುವುದಿಲ್ಲ. ಇಷ್ಟು ಸೀಸ ಇದ್ದರೆ ಅಡ್ಡಿಯಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬಣ್ಣ ಮರಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕೂತಿರುವಷ್ಟು ಕಾಲ ಅಪಾಯ ಕಡಿಮೆ. ಅದು ಧೂಳಾದಾಗ ಅಪಾಯ. ರಿಪೇರಿಯ ಹೆಸರಿನಲ್ಲಿ ನಾವು ಮಾಡುವುದು ಅದನ್ನೇ, ಇಪ್ಪತ್ತು ಮೂವತ್ತು ವರ್ಷದ ಬಣ್ಣವನ್ನು ಎರಡೇ ದಿನದಲ್ಲಿ ಧೂಳು ಮಾಡುತ್ತೇವೆ. ಒಣ ಬಾಗಿಲಿಗೆ ಎಮರಿ ಪೇಪರ್ ಹಾಕಿ ಉಜ್ಜಿಸುತ್ತೇವೆ, ಬೇಗ ಆಗಲೆಂದು ತಿರುಗುವ ಮಿಷನ್ನು ಹಿಡಿಸುತ್ತೇವೆ. ಧೂಳು ಅಕ್ಕಿ ಡಬ್ಬಿಯ ಮೇಲೆ, ಹಾಸಿಗೆಯ ಮೇಲೆ, ತೊಟ್ಟಿಲಿನ ಮೇಲೆ ಕೂರುತ್ತದೆ. ಸಂಜೆ ಕಸಬರಿಗೆಯಲ್ಲಿ ಗುಡಿಸಿ ಅದನ್ನು ಇನ್ನೊಮ್ಮೆ ಮೇಲೆಬ್ಬಿಸುತ್ತೇವೆ.

ನನ್ನ ಮುಖ್ಯ ವಿನಂತಿ ಒಂದೇ. ಒಣಗಿದ ಹಳೆಯ ಬಣ್ಣವನ್ನು ಉಜ್ಜಬೇಡಿ. ನೀರು ಚಿಮುಕಿಸಿ, ಒದ್ದೆ ಮಾಡಿಕೊಂಡೇ ಕೆರೆಯಿರಿ. ಬಾಗಿಲು ಕಿಟಕಿಯ ರೆಕ್ಕೆಗಳನ್ನು ಬಿಚ್ಚಲು ಬಂದರೆ ಬಿಚ್ಚಿ ಹೊರಗೆ ತನ್ನಿ, ಬಾವಿಯಿಂದ, ತರಕಾರಿ ಪಾತಿಯಿಂದ ದೂರ ಇರಿಸಿ, ಅಡಿಗೆ ಟಾರ್ಪಾಲು ಹಾಸಿ. ಬಿಚ್ಚಲು ಬಾರದ ಬಾಗಿಲುವಾಡ, ಕಂಬಗಳ ಕೆಲಸಕ್ಕೆ ಆ ಕೋಣೆಯನ್ನು ಪೂರ್ತಿ ಖಾಲಿಮಾಡಿ, ಉಳಿದ ಮನೆಯ ಕಡೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ. ಗುಡಿಸಬೇಡಿ, ಒದ್ದೆಬಟ್ಟೆಯಲ್ಲಿ ಒರೆಸಿ. ಮುಖಕ್ಕೆ ಕಟ್ಟಿದ ಟವೆಲು ಈ ಧೂಳನ್ನು ತಡೆಯುವುದಿಲ್ಲ, ಎನ್-95 ಮಾಸ್ಕಾದರೂ ಬೇಕು. ಕೆಲಸ ಮಾಡುವವರು ಕವಳ ಹಾಕುವ ಮೊದಲು, ಬೀಡಿ ಹಚ್ಚುವ ಮೊದಲು, ಚಹಾ ಕುಡಿಯುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಎಲೆಗೆ ಸುಣ್ಣ ಸವರುವ ಬೆರಳಿನಲ್ಲೇ ಬಣ್ಣದ ಪುಡಿಯಿದ್ದರೆ ಅದು ನೇರ ಹೊಟ್ಟೆಗೆ ಹೋಗುತ್ತದೆ. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡರೆ ಅವರ ಮನೆಯಲ್ಲೂ ಅದೇ ಕತೆ. ದಿನಗೂಲಿಗೆ ಬರುವ ಪೇಂಟರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹೇಳುವುದು ಕೆಲಸ ಕೊಟ್ಟವರ ಹೊಣೆ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇನ್ನೊಂದು ಅಪಾಯವಿದೆ. ಕಿತ್ತುಹಾಕಿದ ಕಿಟಕಿಯ ಚೂರು, ಮುರುಕು ರೀಪು, ಬಣ್ಣ ಬಳಿದ ಹಲಗೆ ಇವೆಲ್ಲ ಬಚ್ಚಲ ಒಲೆಗೆ ಹೋಗುತ್ತವೆ. ಹಂಡೆಯ ನೀರು ಕಾಯುತ್ತದೆ, ಜೊತೆಗೆ ಹೊಗೆಯಲ್ಲಿ ಸೀಸ ಬರುತ್ತದೆ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವ, ಅದನ್ನೇ ಬಸಳೆ ಬುಡಕ್ಕೆ ಹಾಕುವ ಮನೆಗಳು ಈಗಲೂ ಇವೆ. ಬಣ್ಣದ ಮರವನ್ನು ಒಲೆಗೆ ಹಾಕಲೇಬೇಡಿ. ಕೆರೆದ ಬಣ್ಣದ ಸಿಪ್ಪೆಯನ್ನು ತಿಪ್ಪೆಗೂ ತೋಟಕ್ಕೂ ಎಸೆಯಬೇಡಿ, ದಪ್ಪ ಚೀಲದಲ್ಲಿ ಬಿಗಿದು ಕಟ್ಟಿ, ಅಪಾಯಕಾರಿ ಕಸವೆಂದು ಹೇಳಿ ಕಸ ಒಯ್ಯುವವರಿಗೆ ಬೇರೆಯಾಗಿ ಕೊಡಿ.

ಹಾಗಾದರೆ ಬಣ್ಣ ತೆಗೆಯುವುದು ಹೇಗೆ? ದಾರಿಗಳು ಮೂರೋ ನಾಲ್ಕೋ ಇವೆ, ಯಾವುದೂ ಪೂರ್ತಿ ಸಲೀಸಲ್ಲ.

ಬ್ಲೋ ಲ್ಯಾಂಪಿನ ಬೆಂಕಿ ಹಿಡಿದು ಬಣ್ಣ ಸುಡುವುದು ಹಳೆಯ ಪದ್ಧತಿ. ಅದನ್ನು ಕೈಬಿಡಬೇಕು. ಹಳೆಯ ಮರದ ಬಿರುಕಿನಲ್ಲಿ ದಶಕಗಳ ಧೂಳು, ಜೇಡರಬಲೆ ಇರುತ್ತದೆ, ಕಿಡಿ ಒಳಗೆ ಕೂತು ರಾತ್ರಿ ಹೊತ್ತಿಕೊಳ್ಳಬಹುದು. ಬಿಸಿಗಾಳಿ ಬಿಡುವ ಹೀಟ್ ಗನ್ನು ವಾಸಿ, ಆದರೆ ಶಾಖ ಏರಿದರೆ ಸೀಸ ಹೊಗೆಯಾಗಿ ಏಳುತ್ತದೆ. ಸೀಸದ ಬಣ್ಣವಿರುವಲ್ಲಿ ಸುಮಾರು 590 ಡಿಗ್ರಿ ಸೆಲ್ಸಿಯಸ್ ಮೀರಿದ ಹೀಟ್ ಗನ್ನು ಬಳಸಬಾರದೆಂದು ಅಮೆರಿಕದಲ್ಲಿ ನಿಯಮವೇ ಇದೆ. ಕಡಿಮೆ ಶಾಖಕ್ಕೆ ಇಟ್ಟು, ಬಣ್ಣ ಉಬ್ಬಿದ ಕೂಡಲೇ ಗನ್ನು ಸರಿಸಿ, ಮೆತ್ತಗಾದ ಬಣ್ಣವನ್ನು ಅಲಗಿನಿಂದ ಎತ್ತಬೇಕು. ಗಾಜು ಕೂರಿಸಿದ ಕಿಟಕಿಗೆ ಇದು ಬೇಡ, ಗಾಜು ಬಿರಿಯುತ್ತದೆ.

ಕಾಸ್ಟಿಕ್ ಸೋಡಾ ಅಗ್ಗ, ಹಾಗಾಗಿ ಪೇಂಟರುಗಳಿಗೆ ಪ್ರಿಯ. ಬಿಸಿನೀರಿನಲ್ಲಿ ಕಲಸಿ ಸವರಿದರೆ ಎಣ್ಣೆಬಣ್ಣ ನಿಜಕ್ಕೂ ಕರಗಿ ಇಳಿಯುತ್ತದೆ. ಆದರೆ ಚೊಗರು ಹೆಚ್ಚಿರುವ ಮರವನ್ನು ಅದು ಕಪ್ಪು ಮಾಡುತ್ತದೆ, ಎಳೆಗಳನ್ನು ಎಬ್ಬಿಸಿ ಒರಟಾಗಿಸುತ್ತದೆ, ಅಂಟು ಹಾಕಿ ಕೂರಿಸಿದ ಸಂದುಗಳನ್ನು ಸಡಿಲಿಸುತ್ತದೆ. ಕೈಯ ಚರ್ಮವನ್ನು, ಕಣ್ಣನ್ನು ಸುಡುವುದಂತೂ ಸರಿಯೇ. ಸರಿಯಾಗಿ ತೊಳೆದು ವಿನೆಗರ್ ನೀರಿನಿಂದ ಅದರ ಕ್ಷಾರ ಇಳಿಸದಿದ್ದರೆ ಆಮೇಲೆ ಹಚ್ಚಿದ ಪಾಲಿಶನ್ನು ಒಳಗಿನಿಂದ ಉಪ್ಪು ಉಕ್ಕಿ ಎತ್ತಿಹಾಕುತ್ತದೆ. ಬೀಟೆ, ಹೊನ್ನೆ, ತೇಗಕ್ಕೆ ಇದನ್ನು ಮುಟ್ಟಿಸಬಾರದು ಎನ್ನುವುದು ನನ್ನ ಅಭಿಪ್ರಾಯ. ಮರ ಯಾವುದೆಂದು ಮೊದಲು ತಿಳಿಯಬೇಕು ಎಂದದ್ದು ಇದಕ್ಕೇ.

ಅಂಗಡಿಯಲ್ಲಿ ಪೇಂಟ್ ರಿಮೂವರ್ ಎಂದು ಸಿಗುವ ಡಬ್ಬಿಯ ಮೇಲೆ ಬರೆದದ್ದನ್ನು ಓದಿಯೇ ತೆಗೆದುಕೊಳ್ಳಿ. ಮೆಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂದಿದ್ದರೆ ಅದು ಬಲು ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಮನುಷ್ಯನನ್ನೂ ಕೆಡವುತ್ತದೆ. ನಲವತ್ತು ಡಿಗ್ರಿ ಶಾಖಕ್ಕೇ ಕುದಿಯುವ ಆ ದ್ರವದ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೆ ತುಂಬಿಕೊಳ್ಳುತ್ತದೆ. ಉಸಿರಾಡಿದರೆ ದೇಹದೊಳಗೆ ಅದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮುಚ್ಚಿದ ಜಾಗದಲ್ಲಿ ಇದನ್ನು ಬಳಸಿ ಸತ್ತವರಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಇದನ್ನು ಜನಸಾಮಾನ್ಯರಿಗೆ ಮಾರುವುದನ್ನೇ ನಿಲ್ಲಿಸಿದರು. ಇದಿಲ್ಲದ, ನಿಧಾನದ ರಿಮೂವರುಗಳು ಸಿಗುತ್ತವೆ. ಅವನ್ನು ದಪ್ಪಗೆ, ಒಂದೇ ಕಡೆಗೆ ಬ್ರಷ್ಷು ಎಳೆದು ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಗಂಟೆಗಟ್ಟಲೆ ಬಿಡಬೇಕು. ಬಣ್ಣ ಸುಕ್ಕುಗಟ್ಟಿ ಎದ್ದಾಗ ಮರದ ಎಳೆಯ ದಿಕ್ಕಿನಲ್ಲೇ ಅಲಗು ಓಡಿಸಬೇಕು. ಅಡ್ಡಕ್ಕೆ ಎಳೆದರೆ ಬಿದ್ದ ಗೀರು ಪಾಲಿಶ್ ಹಚ್ಚಿದ ಮೇಲೆ ಇನ್ನಷ್ಟು ಎದ್ದು ಕಾಣುತ್ತದೆ.

ಕೆತ್ತನೆಯ ವಿಷಯದಲ್ಲಿ ಅವಸರ ಸಲ್ಲ. ಮೇಲ್ಪಟ್ಟಿಯ ಗಜಲಕ್ಷ್ಮಿಯ ಮೂಗು, ಬಳ್ಳಿಯ ತುದಿ, ಗಿಣಿಯ ಕೊಕ್ಕು ಎಲ್ಲ ಒಂದು ಕೈತಪ್ಪಿಗೆ ಹೋಗಿಬಿಡುತ್ತವೆ. ಉಳಿಯ ಬದಲು ಬಿದಿರಿನ ಕಡ್ಡಿಯನ್ನು ಚೂಪು ಮಾಡಿಕೊಳ್ಳಿ, ತೆಂಗಿನ ನಾರಿನ ಉಂಡೆ ಮಾಡಿಕೊಳ್ಳಿ. ಬೇಕಾದರೆ ಹಿತ್ತಾಳೆ ತಂತಿಯ ಬ್ರಷ್ಷು ಬಳಸಿ. ಕಬ್ಬಿಣದ ತಂತಿ ಉಂಡೆ ಮಾತ್ರ ಬೇಡ. ಒದ್ದೆ ಮರದ ಚೊಗರಿಗೆ ಕಬ್ಬಿಣದ ಚೂರು ತಾಗಿದರೆ ಕಪ್ಪು ಕಲೆ ಕೂರುತ್ತದೆ, ಹಳೆಯ ಮೊಳೆಗಳ ಸುತ್ತ ಕಾಣುವ ಕಪ್ಪೂ ಅದೇ. ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಆ ಕಲೆಯನ್ನು ತೆಗೆಯುತ್ತದೆ. ಆದರೆ ಅದೂ ವಿಷವೇ, ಕೈಗವುಸು ಇಲ್ಲದೆ ಮುಟ್ಟಬಾರದು, ಆಮೇಲೆ ಚೆನ್ನಾಗಿ ತೊಳೆಯಬೇಕು. ಇನ್ನು ಕೀಸುಳಿ ಹಾಕಿ ಮೇಲ್ಮೈಯನ್ನೇ ಹೆರೆದು ‘ಹೊಸದು ಮಾಡಿಕೊಡ್ತೀವಿ’ ಎನ್ನುವವರನ್ನು ದೂರವಿಡಿ. ತಲೆಮಾರುಗಳ ಕೈತಾಗಿ ನುಣುಪಾದ ಅಂಚು, ಹಳೆಯ ಆಚಾರಿಯ ಉಳಿಯ ಗುರುತು, ಮರಕ್ಕೆ ವಯಸ್ಸು ತಂದ ಬಣ್ಣ ಎಲ್ಲ ಆ ಹೆರಕಲಿನಲ್ಲೇ ಹೋಗುತ್ತದೆ.

ಎಲ್ಲ ಬಣ್ಣವನ್ನೂ ತೆಗೆಯಲೇಬೇಕೆಂದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬೆಂಗಳೂರಿನ ಕೋಟೆಯ ಹತ್ತಿರ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಯ ತೇಗದ ಕೆಲಸದ ಮೇಲಿನ ಚಿತ್ತಾರವನ್ನು ನೋಡಿ. ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರ ಮರದ ಕೆಲಸವನ್ನು ನೋಡಿ. ಅಲ್ಲಿ ಬಣ್ಣವೇ ಕಲೆ. ನಿಮ್ಮ ಮನೆಯ ದೇವರ ಕೋಣೆಯ ಬಾಗಿಲಲ್ಲಿ, ಮುಚ್ಚಿಗೆಯಲ್ಲಿ ಎನಾಮೆಲ್ಲಿನ ಕೆಳಗೆ ಒಂದು ಗೆರೆ, ಹೂವಿನ ಎಸಳು, ಚಿನ್ನದ ರೇಕಿನ ತುಣುಕು ಕಂಡರೂ ಸಾಕು, ಕೈ ನಿಲ್ಲಿಸಿ. 1984ರಿಂದ ಪರಂಪರೆಯ ರಕ್ಷಣೆಗೆ ದುಡಿಯುತ್ತಿರುವ ಇಂಟ್ಯಾಕ್ ಸಂಸ್ಥೆಯವರಂಥ ತಿಳಿದವರನ್ನು ಕೇಳದೆ ಮುಂದುವರಿಯಬೇಡಿ. ಹಾಗೆಯೇ ಮೇಲಿನ ಬಣ್ಣ ಎಲ್ಲೂ ಬಿಡದೆ ಗಟ್ಟಿಯಾಗಿದ್ದು, ಕೆಳಗಿನ ಮರ ಸಾಧಾರಣದ್ದಾದರೆ, ಸೋಪುನೀರಿನಲ್ಲಿ ತೊಳೆದು ಅದರ ಮೇಲೆಯೇ ಸೀಸವಿಲ್ಲದ ಹೊಸ ಬಣ್ಣ ಹಚ್ಚುವುದು ಬುದ್ಧಿವಂತಿಕೆ. ಕಿಟಕಿಯ ರೆಕ್ಕೆ ಚೌಕಟ್ಟಿಗೆ ತಿಕ್ಕುವ ಅಂಚಿನಲ್ಲಿ ಮಾತ್ರ ಹಳೆಯ ಬಣ್ಣ ಬಿಡಬೇಡಿ. ತೆರೆದು ಮುಚ್ಚಿದಾಗೆಲ್ಲ ಅಲ್ಲಿ ಪುಡಿ ಉದುರುತ್ತದೆ.

ಬಣ್ಣ ಹೋಗಿ ಮರ ಕಂಡ ಮೇಲಿನ ಕೆಲಸ ಸಂತೋಷದ್ದು. ತೊಳೆದು, ನೆರಳಿನಲ್ಲಿ ಒಣಗಿಸಿ, ಮೊದಲು 80ರ, ಆಮೇಲೆ 120ರ, ಕೊನೆಗೆ 220ರ ಎಮರಿಯಲ್ಲಿ ಎಳೆಯ ದಿಕ್ಕಿಗೇ ಉಜ್ಜುತ್ತ ಬರಬೇಕು. ಎಳೆಗಳೊಳಗೆ ಹಳೆಯ ಬಣ್ಣದ ಅಂಶ ಉಳಿದೇ ಇರುತ್ತದೆ, ಹಾಗಾಗಿ ಈ ಹಂತದಲ್ಲೂ ಮಾಸ್ಕು ಬೇಕು, ಒದ್ದೆ ಬಟ್ಟೆಯೂ ಬೇಕು. ಬಿರುಕುಗಳಿಗೆ ಅದೇ ಜಾತಿಯ ಬೇರೆ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದರೆ ಬಣ್ಣ ಹೊಂದುತ್ತದೆ.

ಇನ್ನು ಪಾಲಿಶು. ಮನೆಯೊಳಗಿನ ಬಾಗಿಲು, ಕಂಬ, ಕಪಾಟುಗಳಿಗೆ ಅರಗಿನ ಪಾಲಿಶಿಗೆ ಸಾಟಿಯಿಲ್ಲ ಎಂದು ನಾನು ನಂಬಿದ್ದೇನೆ. ಮುತ್ತುಗ, ಬೋರೆಯಂಥ ಮರಗಳ ಕೊಂಬೆಯ ಮೇಲೆ ಸಣ್ಣ ಕೀಟ ಸ್ರವಿಸುವ ಅಂಟೇ ಅರಗು. ಅದನ್ನು ಶುದ್ಧಮಾಡಿ ಚಕ್ಕೆಯಾಗಿ ಮಾರುತ್ತಾರೆ, ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಪಾಲಿಶು. ಚನ್ನಪಟ್ಟಣದ ಗೊಂಬೆಗಳ ಹೊಳಪು ಇದೇ ಅರಗಿನದು. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಶಾಖಕ್ಕೆ ಅದು ಕರಗಿ ಹತ್ತುತ್ತದೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಇಂಥ ಅರಗನ್ನು ನೆಚ್ಚಿಯೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬರುತ್ತಿರುವುದು ಆ ಕಾರ್ಖಾನೆಯಿಂದಲೇ. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್.

ಹತ್ತಿಯನ್ನು ಒಳಗಿಟ್ಟು ತೊಳೆದು ಹಳೆಯದಾದ ಪಂಚೆಯ ಬಟ್ಟೆಯಲ್ಲಿ ಉಂಡೆ ಕಟ್ಟಿ, ತೆಳ್ಳಗೆ ಕರಗಿಸಿದ ಅರಗಿನಲ್ಲಿ ಅದ್ದಿ, ನಿಲ್ಲಿಸದೆ ಸವರುತ್ತ ಹೋಗಬೇಕು. ನಿಮಿಷಗಳಲ್ಲಿ ಒಣಗುತ್ತದೆ. ತೆಳುವಾದ ಬಹಳ ಕೋಟುಗಳು ದಪ್ಪನೆಯ ಒಂದು ಕೋಟಿಗಿಂತ ಎಷ್ಟೋ ಮೇಲು. ಮುಂದೆ ಗೀರು ಬಿದ್ದರೆ ಎಲ್ಲ ಕೆರೆಯಬೇಕಾಗಿಲ್ಲ, ಹೊಸ ಅರಗು ಹಳೆಯದನ್ನು ಕರಗಿಸಿ ಅದರೊಳಗೇ ಸೇರಿಕೊಳ್ಳುತ್ತದೆ. ಹತ್ತಿರ ದೀಪ, ಬೀಡಿ ಇರಬಾರದು, ಸ್ಪಿರಿಟ್ಟು ಹೊತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಗಾಳಿಯ ತೇವ ಹೀರಿ ಪಾಲಿಶು ಬೆಳ್ಳಗೆ ಮಸುಕಾಗುತ್ತದೆ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಹವೆ ಇದಕ್ಕೆ ಪ್ರಶಸ್ತ.

ಅರಗು ನೀರಿಗೂ ಬಿಸಿಗೂ ಸೋಲುತ್ತದೆ. ಬಿಸಿಲು ಮಳೆ ಬಡಿಯುವ ಹೊರಬಾಗಿಲಿಗೆ, ದಿನವೂ ನೀರು ಹಾಕಿ ತೊಳೆದು ಅರಿಶಿನ ಕುಂಕುಮ ಇಡುವ ಹೊಸ್ತಿಲಿಗೆ ಅದು ಹೊಂದುವುದಿಲ್ಲ. ಹೊಸ್ತಿಲಿಗೆ ಅಗಸೆ ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ಸವರಿ, ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ವರ್ಷಕ್ಕೊಮ್ಮೆ ಮತ್ತೆ ಹಚ್ಚಿದರೆ ಸಾಕು. ಹೊರಬಾಗಿಲಿಗೆ ಬಿಸಿಲು ತಡೆಯುವ ವಾರ್ನಿಷು ಹಚ್ಚಬಹುದು, ಆದರೆ ಎಲ್ಲಾದರೂ ಸಿಪ್ಪೆ ಏಳತೊಡಗಿದ ಕೂಡಲೇ ನೋಡಿಕೊಳ್ಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಆ ಎಣ್ಣೆ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಶಾಖಕ್ಕೆ ಬಟ್ಟೆ ತಾನಾಗಿ ಹೊತ್ತಿಕೊಂಡು ಮನೆಗಳೇ ಸುಟ್ಟದ್ದಿದೆ. ಅಂಗಳದಲ್ಲಿ ಅಗಲವಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಇದೆಲ್ಲ ಮಾಡಲು ಹಿಡಿಯುವ ಕೂಲಿ ಹೊಸ ಬಣ್ಣದ ಕೂಲಿಗಿಂತ ಬಹಳ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಮನೆಯ ಎಲ್ಲ ಬಾಗಿಲನ್ನೂ ಒಟ್ಟಿಗೆ ಹಿಡಿಯಬೇಡಿ. ಪ್ರಧಾನ ಬಾಗಿಲು ಒಂದನ್ನು ಈ ವರ್ಷ ಮಾಡಿಸಿ, ದೇವರ ಕೋಣೆಯದನ್ನು ಬರುವ ವರ್ಷಕ್ಕಿಡಿ. ಪಾಲಿಶ್ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ, ಅವರನ್ನು ಹುಡುಕಿ, ಚೌಕಾಸಿ ಮಾಡದೆ ಕೂಲಿ ಕೊಡಿ.

ಈ ಬೇಸಿಗೆಯಲ್ಲಿ ಮನೆ ಕೆಲಸ ಇಟ್ಟುಕೊಂಡಿರುವ ಕೇಳುಗರಲ್ಲಿ ಕಡೆಯದಾಗಿ ಕೇಳಿಕೊಳ್ಳುವುದಿಷ್ಟು. ಬಣ್ಣ ಕೆರೆಯುವ ದಿನಗಳಲ್ಲಿ ಚಿಕ್ಕ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಗೆ ಕಳಿಸಿ, ಪೂರ್ತಿ ಒರೆಸಿ ತೊಳೆದ ಮೇಲೆ ಕರೆಸಿಕೊಳ್ಳಿ. ಕೆಲಸಕ್ಕೆ ಬಂದವರಿಗೆ ಮಾಸ್ಕು, ಕೈಗವುಸು ನೀವೇ ತಂದುಕೊಡಿ, ಅಂಗಳದಲ್ಲಿ ಒಂದು ಬಕೆಟ್ ನೀರು, ಒಂದು ಸೋಪು ಇಡಿ. ಹೊಸ ಬಣ್ಣ ಕೊಳ್ಳುವಾಗ ಸೀಸ 90ರ ಮಿತಿಯೊಳಗಿದೆ ಎಂದು ಡಬ್ಬಿಯ ಮೇಲೆ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಆ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.